ಲೆಕ್ಕ ತಪ್ಪಿದ ಹಲ್ಲುಗಳು

2019ನೆಯ ಇಸವಿಯ ಜುಲೈ ತಿಂಗಳು. ಚೆನ್ನೈ ನಗರದ ಸವೀತಾ ದಂತವೈದ್ಯ ಕಾಲೇಜಿನ ಶಸ್ತ್ರವೈದ್ಯರು ಏಳು ವರ್ಷದ ಬಾಲಕನೊಬ್ಬನ ಕೆಳದವಡೆಯ ಬಲಭಾಗದಿಂದ ಚೀಲದಂತಹ ಗಡ್ಡೆಯೊಂದನ್ನು ಹೊರತೆಗೆದರು. ಅದರ ತೂಕ ಸುಮಾರು 200 ಗ್ರಾಂ. ಪ್ರಯೋಗಶಾಲೆಯಲ್ಲಿ ಆ ಚೀಲವನ್ನು ಬಿಚ್ಚಿದವರು ಒಳಗಿದ್ದುದನ್ನು ಒಂದೊಂದಾಗಿ ಆರಿಸಿ ಎಣಿಸಲು ಕುಳಿತರು. ಕೆಲಸ ಮುಗಿಯುವ ಹೊತ್ತಿಗೆ ಐದು ಗಂಟೆಗಳ ಕಾಲ ಸರಿದಿತ್ತು. ಅಲ್ಲಿದ್ದುವು ಒಟ್ಟು 526 ಹಲ್ಲುಗಳು! ಕೆಲವು ಸಾಸಿವೆ ಕಾಳಿಗಿಂತಲೂ ಕಿರಿದು. ಕೆಲವು ಒಂದೂವರೆ ಸೆಂಟಿಮೀಟರಿನಷ್ಟು ಉದ್ದ. ಆದರೂ ಅವು ಬರಿಯ ಎಲುಬಿನ ಚೂರುಗಳಲ್ಲ. ಹಲ್ಲಿನ ಲಕ್ಷಣಗಳನ್ನು ಹೊತ್ತ ಪುಟ್ಟ ಹಲ್ಲುಗಳೇ.

ಆ ಹುಡುಗನಿಗೆ ಮೂರು ವರ್ಷವಾಗಿದ್ದಾಗಲೇ ಕೆನ್ನೆಯ ಊತವನ್ನು ತಾಯಿತಂದೆಯರು ಕಂಡಿದ್ದರು. ಆದರೆ ಮಗು ಬಾಯಿ ಮುಟ್ಟಗೊಡಲಿಲ್ಲ. ಪರೀಕ್ಷೆಗೆ ಅಲುಗದೆ ಕೂರಲಿಲ್ಲ. ಊತ ಬೆಳೆಯುತ್ತಲೇ ಹೋಯಿತು. ಕೊನೆಗೆ ವೈದ್ಯರು ದವಡೆಯ ಪಕ್ಕಗಳನ್ನು ಒಡೆಯದೆ, ಮೇಲಿನಿಂದಲೇ ಮೂಳೆಯನ್ನು ಕೊರೆದು ಗಡ್ಡೆಯನ್ನು ಎತ್ತಿದುದರಿಂದ ದವಡೆಯನ್ನು ಮರಳಿ ಕಟ್ಟಬೇಕಾದ ಪ್ರಮೇಯ ಬರಲಿಲ್ಲ. ಅದಕ್ಕೆ ಐದು ವರ್ಷ ಹಿಂದೆ, 2014ರಲ್ಲಿ, ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಹದಿನೇಳರ ಹರೆಯದ ಹುಡುಗನೊಬ್ಬನ ದವಡೆಯಿಂದ 232 ಹಲ್ಲುಗಳನ್ನು ಇದೇ ರೀತಿಯಲ್ಲಿ ತೆಗೆದಿದ್ದರು.

ಗಡ್ಡೆ ಎಂದೊಡನೆ ಮನೆಮಂದಿಯ ಎದೆ ಝಲ್ಲೆನ್ನುವುದು ಸಹಜ. ಆದರೆ ವೈದ್ಯರು ‘ಓಡಾಂಟೋಮ’ ಎಂದು ಕರೆಯುವ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಹಲ್ಲನ್ನು ಕಟ್ಟುವ ಜೀವಕೋಶಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಬಲ್ಲವು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಮರೆತಿವೆ. ಸಾಮಾನ್ಯವಾಗಿ ಇಂತಹ ಗಡ್ಡೆಗಳಲ್ಲಿ ಬೆರಳೆಣಿಕೆಯಷ್ಟೋ ಹತ್ತಿಪ್ಪತ್ತೋ ಚೂರುಗಳಿರುತ್ತವೆ. ಐನೂರರ ಗಡಿ ದಾಟುವುದು ಅಪೂರ್ವ.

ಈ ಲೆಕ್ಕ ಎಲ್ಲಿ, ಹೇಗೆ ತಪ್ಪುತ್ತದೆಂಬುದನ್ನು ತಿಳಿಯಬೇಕಾದರೆ ಮಗು ಹುಟ್ಟುವುದಕ್ಕೂ ಬಹಳ ಹಿಂದಕ್ಕೆ ಹೋಗಬೇಕು. ತಾಯಿಯ ಗರ್ಭದಲ್ಲಿ ಪಿಂಡಕ್ಕೆ ಆರು ವಾರ ತುಂಬುವ ವೇಳೆಗೆ, ಅದರ ಉದ್ದ ಇನ್ನೂ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲದಿರುವಾಗ, ಬಾಯಿಯ ಒಳಪೊರೆ ಒಂದು ಪಟ್ಟಿಯಂತೆ ದಪ್ಪವಾಗುತ್ತದೆ. ಆ ಪಟ್ಟಿಯಿಂದ ಮೇಲೆ ಹತ್ತು, ಕೆಳಗೆ ಹತ್ತು ಮೊಳಕೆಗಳು ಒಡೆಯುತ್ತವೆ. ಇವೇ ಇಪ್ಪತ್ತು ಹಾಲುಹಲ್ಲುಗಳ ಮೂಲ. ಮುಂದೆ ಇದೇ ಪಟ್ಟಿಯಿಂದಲೇ ಮೂವತ್ತೆರಡು ಶಾಶ್ವತ ಹಲ್ಲುಗಳ ಮೊಳಕೆಗಳೂ ಮೂಡುತ್ತವೆ. ಮೊಳಕೆಯೊಂದು ಮೊದಲು ಮೊಗ್ಗಿನಂತೆ, ಬಳಿಕ ಟೋಪಿಯಂತೆ, ಆಮೇಲೆ ಗಂಟೆಯಂತೆ ರೂಪ ತಳೆಯುತ್ತದೆ. ಆ ಗಂಟೆಯ ಒಳಗೋಡೆಯೇ ಮುಂದಿನ ಹಲ್ಲಿನ ಅಚ್ಚು. ಒಂದು ಮೊಳಕೆ ಒಡೆಯದಿದ್ದರೆ ಒಂದು ಹಲ್ಲು ಇಲ್ಲ. ಹೆಚ್ಚಾಗಿ ಒಡೆದರೆ ಒಂದು ಹಲ್ಲು ಅಧಿಕ. ಅಚ್ಚು ಮಡಚಿಕೊಂಡರೆ ಹಲ್ಲಿನ ಆಕಾರವೇ ಬೇರೆ.

ಮೂಳೆ ಮುರಿದರೆ ಕೂಡುತ್ತದೆ. ಚರ್ಮ ಸುಲಿದರೆ ಮತ್ತೆ ಬರುತ್ತದೆ. ಹಲ್ಲಿನ ಹೊಳಪುಕವಚಕ್ಕೆ ಮಾತ್ರ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೆ ಅಳಿದುಹೋಗಿರುತ್ತವೆ. ಆದ್ದರಿಂದ ಕಟ್ಟುವಾಗ ಆದ ಏರುಪೇರು ಹಾಗೆಯೇ ಉಳಿಯುತ್ತದೆ. ಹಾಲುಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಗು ಹುಟ್ಟಿದ ದಿನದ ಗುರುತೇ ಒಂದು ಗೆರೆಯಾಗಿ ಕಾಣುತ್ತದೆ. ಗೆರೆಯ ಒಳಗಿನದು ಗರ್ಭದಲ್ಲಿ ಕಟ್ಟಿದ್ದು, ಹೊರಗಿನದು ತೊಟ್ಟಿಲಲ್ಲಿ ಕಟ್ಟಿದ್ದು. ಹಲ್ಲು ಬಿದ್ದಾಗ ಸೂರಿನ ಮೇಲೆ ಎಸೆದು ಕೈ ತಟ್ಟುವ ಮಕ್ಕಳು ತಮ್ಮ ಜನ್ಮದಿನದ ದಾಖಲೆಯನ್ನೇ ಎಸೆಯುತ್ತಿರುತ್ತಾರೆ!

ಹುಟ್ಟುತ್ತಲೇ ಹಲ್ಲು

ಲೆಕ್ಕದಲ್ಲಿ ಸರಿಯಿದ್ದು ಕಾಲದಲ್ಲಿ ಮಾತ್ರ ತಪ್ಪುವ ಹಲ್ಲುಗಳೂ ಉಂಟು. ಮೊದಲ ಹಲ್ಲು ಬರುವುದು ವಾಡಿಕೆಯಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ. ಎರಡು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಕೆಳವಸಡಿನ ಮುಂಭಾಗದಲ್ಲಿ ಒಂದೋ ಎರಡೋ ಹಲ್ಲು ಇಣುಕಿರುತ್ತವೆ. 1638ರಲ್ಲಿ ಜನಿಸಿದ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಎರಡು ಹಲ್ಲುಗಳೊಡನೆ ಹುಟ್ಟಿದನೆಂದು ಪ್ರಸಿದ್ಧಿ. ಅವನ ಹಾಲೂಡುವ ದಾದಿಯರ ಪಾಡು ಆಸ್ಥಾನದಲ್ಲಿ ಮಾತಿನ ವಸ್ತುವಾಗಿತ್ತಂತೆ. ಇಂಗ್ಲೆಂಡಿನ ಮೂರನೆಯ ರಿಚರ್ಡನನ್ನು ಕ್ರೂರಿಯೆಂದು ಚಿತ್ರಿಸಬಯಸಿದವರು ಅವನೂ ಹಲ್ಲಿನೊಡನೆ ಹುಟ್ಟಿದನೆಂದು ಬರೆದರು. ಷೇಕ್ಸ್‌ಪಿಯರನ ನಾಟಕದಲ್ಲಿಯೂ ಅದು ಅಪಶಕುನವೇ. ನಮ್ಮಲ್ಲಿಯೂ ಇಂತಹ ಮಾತುಗಳಿಗೆ ಕೊರತೆಯಿಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಸೋದರಮಾವನ ಆಯುಷ್ಯ ಸೋದರಳಿಯನ ವಸಡಿನಲ್ಲಿ ಅಡಗಿರುವುದಾದರೆ ಮಾವಂದಿರ ಗತಿ ಕಷ್ಟವೇ ಸರಿ.

ನಿಜವಾದ ಅಪಾಯ ಶಕುನದಲ್ಲಿಲ್ಲ, ಅವಸರದಲ್ಲಿದೆ. ಇಂತಹ ಹತ್ತು ಹಲ್ಲುಗಳಲ್ಲಿ ಸುಮಾರು ಒಂಬತ್ತು ಹೆಚ್ಚುವರಿ ಹಲ್ಲುಗಳಲ್ಲ. ಮಗುವಿನ ಇಪ್ಪತ್ತು ಹಾಲುಹಲ್ಲುಗಳಲ್ಲಿಯೇ ಸೇರಿದವು, ಸ್ವಲ್ಪ ಆತುರದಿಂದ ಹೊರಟು ಬಂದವು. ಕಿತ್ತುಬಿಟ್ಟರೆ ಆ ಜಾಗಕ್ಕೆ ಇನ್ನೊಂದು ಹಾಲುಹಲ್ಲು ಬಾರದು. ಆರೇಳು ವರ್ಷದವರೆಗೂ ಅಲ್ಲಿ ಬಯಲೇ. ಹಲ್ಲು ಬಹಳ ಅಲುಗಾಡುತ್ತ, ಕಳಚಿ ಶ್ವಾಸನಾಳಕ್ಕೆ ಜಾರುವ ಭಯವಿದ್ದರೆ ಮಾತ್ರ ವೈದ್ಯರು ತೆಗೆಯುವುದು ವಾಡಿಕೆ. ಅದರಲ್ಲಿಯೂ ಹುಟ್ಟಿದ ಮೊದಲ ಹತ್ತು ದಿನಗಳಲ್ಲಿ ಶಿಶುವಿನ ರಕ್ತ ಸರಿಯಾಗಿ ಹೆಪ್ಪುಗಟ್ಟದಿರುವ ಸಂಭವವಿರುವುದರಿಂದ ಎಚ್ಚರ ಹೆಚ್ಚು ಬೇಕು. ಹಲ್ಲಿನ ಅಂಚು ತಗುಲಿ ನಾಲಗೆಯ ಅಡಿಯಲ್ಲಿ ಹುಣ್ಣಾಗುತ್ತಿದ್ದರೆ ಅಂಚನ್ನು ನಯಮಾಡಿದರೂ ಸಾಕಾಗುತ್ತದೆ. ಸೂಲಗಿತ್ತಿಯೋ ನೆರೆಮನೆಯ ಹಿರಿಯಳೋ ಉಗುರಿನಿಂದ ಮೀಟಿ ತೆಗೆದುಬಿಡುವುದು ಎಷ್ಟು ಮಾತ್ರಕ್ಕೂ ಸಲ್ಲದು.

ಇನ್ನು ನಿಜವಾಗಿಯೂ ಅಧಿಕವಾದ ಹಲ್ಲುಗಳು. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳ ನಡುವೆ ಗೂಟದಂತೆ ಮೂಡುವ ಹಲ್ಲು. ಹೊರಬಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ; ಮನೆಯವರು ವೈದ್ಯರಲ್ಲಿಗೆ ಓಡುತ್ತಾರೆ. ತೊಂದರೆ ಕೊಡುವುದು ಹೊರಬಾರದೆ ಮೂಳೆಯೊಳಗೇ ಅವಿತು ಕುಳಿತದ್ದು. ಕೆಲವೊಮ್ಮೆ ಅದು ತಲೆಕೆಳಗಾಗಿ, ಮೂಗಿನ ಕಡೆ ಮುಖಮಾಡಿ ಬೆಳೆಯುವುದೂ ಉಂಟು. ಅದು ದಾರಿಗೆ ಅಡ್ಡವಾಗಿ ಕುಳಿತಿರುವಾಗ ಏಳೆಂಟು ವರ್ಷಕ್ಕೆ ಬರಬೇಕಾದ ಶಾಶ್ವತ ಬಾಚಿಹಲ್ಲು ಬರುವುದೇ ಇಲ್ಲ. ‘ಹಲ್ಲು ತಡವಾಗಿ ಬಂದರೆ ಗಟ್ಟಿ’ ಎಂದು ಸಮಾಧಾನ ಹೇಳಿಕೊಂಡು ಎರಡು ಮೂರು ವರ್ಷ ಕಾಯುವ ಕುಟುಂಬಗಳು ಎಷ್ಟೋ. ಒಂದು ಪಕ್ಕದ ಹಲ್ಲು ಬಂದು ಆರು ತಿಂಗಳಾದರೂ ಜೊತೆಯ ಹಲ್ಲು ಬಾರದಿದ್ದರೆ ಕ್ಷ-ಕಿರಣ ಚಿತ್ರ ತೆಗೆಸಬೇಕೆಂಬುದು ದಂತವೈದ್ಯರು ಪಾಲಿಸುವ ಸರಳ ಸೂತ್ರ. ಅಡ್ಡಿಯನ್ನು ಸಕಾಲದಲ್ಲಿ ತೆಗೆದರೆ ಬಂಧಿಯಾದ ಹಲ್ಲು ಬಹುಮಟ್ಟಿಗೆ ತಾನಾಗಿಯೇ ಇಳಿದು ಬರುತ್ತದೆ.

ಒಂದೆರಡಲ್ಲದೆ ಹತ್ತಾರು ಹಲ್ಲುಗಳು ಅಧಿಕವಾಗಿ, ಹಾಲುಹಲ್ಲುಗಳು ಬೀಳದೆ, ಶಾಶ್ವತ ಹಲ್ಲುಗಳು ಮೂಳೆಯೊಳಗೇ ಉಳಿದಾಗ ವೈದ್ಯರು ಬಾಯಿಯನ್ನು ಬಿಟ್ಟು ಮಗುವಿನ ಹೆಗಲನ್ನು ಮುಟ್ಟಿ ನೋಡುತ್ತಾರೆ. ಕೊರಳೆಲುಬುಗಳೇ ಇಲ್ಲದ, ಅಥವಾ ಅರೆಬರೆಯಾದ ಒಂದು ಆನುವಂಶಿಕ ಸ್ಥಿತಿಯಿದೆ. ಅಂತಹ ಮಗು ತನ್ನ ಎರಡು ಭುಜಗಳನ್ನೂ ಎದೆಯ ಮುಂದೆ ಒಂದಕ್ಕೊಂದು ತಾಕಿಸಬಲ್ಲದು. ಮೂಳೆ ಕಟ್ಟಲು ಆಜ್ಞೆ ಕೊಡುವ ಒಂದು ಜೀನಿನ ದೋಷವೇ ಇದಕ್ಕೆ ಕಾರಣವೆಂದು 1997ರಲ್ಲಿ ತಿಳಿದುಬಂತು. 2016ರಲ್ಲಿ ಆರಂಭವಾದ ಅಮೆರಿಕದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ದೂರದರ್ಶನ ಧಾರಾವಾಹಿಯ ಬಾಲನಟ ಗೇಟನ್ ಮಟರಾಟ್ಸೋ ಇದೇ ಸ್ಥಿತಿಯಲ್ಲಿ ಹುಟ್ಟಿದವನು. ಅದನ್ನು ಮರೆಮಾಚದೆ ಕಥೆಯ ಪಾತ್ರಕ್ಕೇ ಅಳವಡಿಸಿದರು.

ಎರಡಲ್ಲದ ಎರಡು

ಆಕಾರದ ವೈಚಿತ್ರ್ಯಗಳು ನೋಡುವವರಿಗೆ ಹೆಚ್ಚು ವಿನೋದಕರ. ಮೂರು ವರ್ಷದ ಮಗುವಿನ ಮುಂಭಾಗದಲ್ಲಿ ಅಸಾಮಾನ್ಯವಾಗಿ ಅಗಲವಾದ, ನಡುವೆ ಗೀರುಳ್ಳ ಒಂದು ಹಲ್ಲು ಕಾಣಿಸುತ್ತದೆ. ಎರಡು ಮೊಳಕೆಗಳು ಬೆಸೆದು ಒಂದಾದುವೋ, ಒಂದು ಮೊಳಕೆ ಎರಡಾಗಲು ಹವಣಿಸಿ ಅರ್ಧಕ್ಕೆ ನಿಂತಿತೋ? ಇದಕ್ಕೆ ಯಂತ್ರ ಬೇಡ, ಎಣಿಕೆ ಬಲ್ಲ ಬೆರಳು ಸಾಕು. ಜೋಡಿಹಲ್ಲನ್ನು ಒಂದೆಂದು ಎಣಿಸಿದಾಗ ಸಾಲಿನಲ್ಲಿ ಒಂದು ಕಡಮೆ ಬಂದರೆ ಎರಡು ಬೆಸೆದಿವೆ. ಲೆಕ್ಕ ಸರಿಯಾಗಿ ಬಂದರೆ ಒಂದೇ ಸೀಳಲು ಹೊರಟಿದೆ. ಅಧಿಕ ಹಲ್ಲೊಂದರೊಡನೆ ಬೆಸೆದಿದ್ದರೆ ಈ ಲೆಕ್ಕವೂ ಮೋಸಮಾಡೀತು, ಆದರೆ ಅದು ವಿರಳ. ಹಾಲುಹಲ್ಲುಗಳು ಬೆಸೆದ ಕಡೆ ಅವುಗಳ ಕೆಳಗಿನ ಶಾಶ್ವತ ಹಲ್ಲುಗಳಲ್ಲಿ ಒಂದು ಇಲ್ಲದೆಯೇ ಇರಬಹುದು. ಆದುದರಿಂದ ಇದು ಬರಿಯ ವಿನೋದವಲ್ಲ.

ಹೊರಗೆ ಎದ್ದು ಕಾಣದೆ ಹಾನಿಮಾಡುವುದು ‘ಹಲ್ಲಿನೊಳಗಿನ ಹಲ್ಲು’. ಗಂಟೆಯ ಅಚ್ಚು ಒಳಕ್ಕೆ ಮಡಚಿಕೊಂಡು, ಹೊಳಪುಕವಚವೇ ಹಲ್ಲಿನ ಗರ್ಭಕ್ಕಿಳಿದಿರುತ್ತದೆ. ಕ್ಷ-ಕಿರಣ ಚಿತ್ರದಲ್ಲಿ ದೊಡ್ಡ ಹಲ್ಲಿನೊಳಗೆ ಚಿಕ್ಕ ಹಲ್ಲನ್ನು ಇಟ್ಟಂತೆ ತೋರುತ್ತದೆ. ಮೇಲಿನ ಪಕ್ಕದ ಬಾಚಿಹಲ್ಲಿನಲ್ಲಿ ಇದು ಹೆಚ್ಚು. ಆ ಹಲ್ಲಿನ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಒಂದು ಕುಳಿ; ಬಾಯಿಯ ಸೂಕ್ಷ್ಮಾಣುಗಳಿಗೆ ಅದೇ ಹೆಬ್ಬಾಗಿಲು. ಹುಳುಕಿನ ಗುರುತೂ ಇಲ್ಲದ ಬಿಳಿಯ ಹಲ್ಲಿನ ಬುಡದಲ್ಲಿ ಒಂಬತ್ತು ಹತ್ತು ವರ್ಷದ ಹುಡುಗಿಗೆ ಕೀವು ತುಂಬಿದರೆ ಮನೆಯವರಿಗೆ ಏನೂ ತೋಚುವುದಿಲ್ಲ. ಹಲ್ಲು ಹೊರಬಂದ ಹೊಸತರಲ್ಲಿಯೇ ಆ ಕುಳಿಯನ್ನು ಮುಚ್ಚಿದ್ದರೆ ಹಲ್ಲು ಉಳಿಯುತ್ತಿತ್ತು. ಅದು ಕೆಲವು ನಿಮಿಷಗಳ ಕೆಲಸ.

ಸಿಂಧದ ಹಲ್ಲಿಲ್ಲದ ಗಂಡಸರು

ಅಧಿಕವಾದುದಕ್ಕಿಂತ ಇಲ್ಲದಿರುವುದೇ ಹೆಚ್ಚು ಸಾಮಾನ್ಯ. ಐವರಲ್ಲಿ ಒಬ್ಬರಿಗಾದರೂ ಬುದ್ಧಿಹಲ್ಲೊಂದು ಹುಟ್ಟುವುದೇ ಇಲ್ಲ. ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಉಳಿದ ಹಲ್ಲುಗಳಲ್ಲಿ ಒಂದೆರಡು ಇಲ್ಲದವರು ನೂರಕ್ಕೆ ಐದಾರು ಮಂದಿ. ಕೆಳಗೆ ಶಾಶ್ವತ ಹಲ್ಲಿಲ್ಲದ ಕಡೆ ಹಾಲುಹಲ್ಲನ್ನು ಜೋಪಾನಮಾಡಿದರೆ ಅದು ಪ್ರಾಯದವರೆಗೂ ದುಡಿಯುತ್ತದೆ. ಆದರೆ ಮೂರು ವರ್ಷವಾದರೂ ಮಗುವಿನ ಬಾಯಲ್ಲಿ ನಾಲ್ಕೋ ಐದೋ ಹಲ್ಲುಗಳು, ಅವೂ ಮೊಳೆಯಂತೆ ಚೂಪಾದವು, ಇದ್ದರೆ ಅದು ಬೇರೆಯೇ ಕಥೆ. ಅದನ್ನು ಜಗತ್ತಿಗೆ ಮೊದಲು ತಿಳಿಸಿದ ವೃತ್ತಾಂತಗಳಲ್ಲೊಂದು ಭಾರತದ ನೆಲದ್ದು.

ವಿಕಾಸವಾದದ ಪ್ರವರ್ತಕ ಚಾರ್ಲ್ಸ್ ಡಾರ್ವಿನ್, ಸಾಕುಪ್ರಾಣಿಗಳಲ್ಲಿ ಮತ್ತು ಬೆಳೆಸಿದ ಗಿಡಗಳಲ್ಲಿ ಆಗುವ ಮಾರ್ಪಾಡುಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದನು. 1875ರ ಅದರ ಎರಡನೆಯ ಆವೃತ್ತಿಯಲ್ಲಿ, ವೆಡರ್‌ಬರ್ನ್ ಎಂಬುವರು ತಿಳಿಸಿದ ಸಿಂಧ ಪ್ರಾಂತದ ಒಂದು ಹಿಂದೂ ಕುಟುಂಬದ ವಿವರವಿದೆ. ನಾಲ್ಕು ತಲೆಮಾರುಗಳಲ್ಲಿ ಆ ಮನೆಯ ಹತ್ತು ಮಂದಿ ಗಂಡಸರಿಗೆ ಎರಡು ದವಡೆಗಳೂ ಸೇರಿ ನಾಲ್ಕು ದುರ್ಬಲವಾದ ಬಾಚಿಹಲ್ಲುಗಳು ಮತ್ತು ಎಂಟು ದವಡೆಹಲ್ಲುಗಳು ಮಾತ್ರ ಇದ್ದುವು. ಮೈಮೇಲೆ ಕೂದಲು ಬಹಳ ವಿರಳ. ತಲೆ ಚಿಕ್ಕಂದಿನಲ್ಲಿಯೇ ಬೋಳು. ಬೇಸಗೆ ಬಂದರೆ ಚರ್ಮ ಒಣಗಿ ಅವರು ಬಹಳವಾಗಿ ನರಳುತ್ತಿದ್ದರು. ಆ ಮನೆಯ ಹೆಣ್ಣುಮಕ್ಕಳಿಗೆ ಈ ತೊಂದರೆಯಿರಲಿಲ್ಲ. ಆದರೆ ಅವರ ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಅದು ಬರುತ್ತಿತ್ತು. ತಂದೆಯಿಂದ ಮಗನಿಗೆ ಒಮ್ಮೆಯೂ ಇಳಿದಿರಲಿಲ್ಲ. ಡಾರ್ವಿನ್ ಇದನ್ನು ಬೆರಗಿನಿಂದ ದಾಖಲಿಸಿದನೇ ಹೊರತು ಕಾರಣ ಹೇಳಲಾರದೆ ಹೋದನು. 1921ರಲ್ಲಿ ಥಡಾನಿ ಎಂಬ ವಿದ್ವಾಂಸರು ಸಿಂಧದ ಈ ಹಲ್ಲಿಲ್ಲದ ಗಂಡಸರ ವಿಷಯವಾಗಿ ಆನುವಂಶಿಕತೆಯ ಪತ್ರಿಕೆಯೊಂದರಲ್ಲಿ ಮತ್ತೆ ಬರೆದರು.

ಕಾರಣ ಇಂದು ಸ್ಪಷ್ಟವಾಗಿದೆ. ಗಂಡುಮಗುವಿಗೆ ‘ಎಕ್ಸ್’ ವರ್ಣತಂತು ಬರುವುದು ತಾಯಿಯಿಂದ ಮಾತ್ರ. ತಂದೆ ಮಗನಿಗೆ ಕೊಡುವುದು ‘ವೈ’ ವರ್ಣತಂತುವನ್ನು. ಎಕ್ಸ್ ವರ್ಣತಂತುವಿನ ಮೇಲಿರುವ ಒಂದು ಜೀನಿನ ದೋಷವೇ ಈ ರೋಗದ ಮೂಲವೆಂದು 1996ರಲ್ಲಿ ಪತ್ತೆಯಾಯಿತು. ಹಲ್ಲು, ಕೂದಲು, ಬೆವರಗ್ರಂಥಿ ಮೂರೂ ಭ್ರೂಣದ ಹೊರಪೊರೆಯಿಂದಲೇ ಮೊಳೆಯುವಂತಹವು; ಆ ಜೀನು ತಯಾರಿಸುವ ಪ್ರೋಟೀನು ಇಲ್ಲವಾದರೆ ಮೂರಕ್ಕೂ ಕುಂದು. ತಾಯಿಗೆ ಎರಡು ಎಕ್ಸ್ ಇರುವುದರಿಂದ ಒಂದರ ಲೋಪವನ್ನು ಇನ್ನೊಂದು ಬಹುಮಟ್ಟಿಗೆ ತುಂಬುತ್ತದೆ. ಪೂರ್ಣವಾಗಿ ಅಲ್ಲ. ಆಕೆಯ ಬಾಯಿಯಲ್ಲಿಯೂ ಒಂದು ಹಲ್ಲು ಇಲ್ಲದಿರಬಹುದು, ಪಕ್ಕದ ಬಾಚಿಹಲ್ಲು ಗೂಟದಂತಿರಬಹುದು. ಮಗುವಿನ ಬಾಯಿ ನೋಡಿದ ಜಾಣ ವೈದ್ಯರು ತಾಯಿಯನ್ನೂ ಒಮ್ಮೆ ನಗುವಂತೆ ಕೇಳಿಕೊಳ್ಳುವುದು ಇದಕ್ಕಾಗಿಯೇ.

ಇಲ್ಲಿ ಹಲ್ಲಿಗಿಂತ ದೊಡ್ಡದು ಬೆವರಿನ ಪ್ರಶ್ನೆ. ಬೆವರದ ಮೈ ತಣಿಯದು. ಸೆಕೆಯ ದಿನಗಳಲ್ಲಿ ಇಂತಹ ಹಸುಗೂಸಿಗೆ ಮೇಲಿಂದ ಮೇಲೆ ಜ್ವರವೇರುತ್ತದೆ. ಕ್ಷಯವೋ ವಿಷಮಶೀತವೋ ಎಂದು ಔಷಧಗಳ ಮೇಲೆ ಔಷಧಗಳು ನಡೆಯುತ್ತವೆ, ಜ್ವರ ಇಳಿಯದು. ಕೆಲವು ಶಿಶುಗಳು ಮೊದಲ ವರ್ಷದಲ್ಲಿಯೇ ತೀರಿಹೋಗುವುದುಂಟು. ಆ ಮಗುವಿಗೆ ಬೇಕಾದುದು ಒದ್ದೆಬಟ್ಟೆ, ಗಾಳಿ, ತಣ್ಣೀರು. ಒಂದು ವರ್ಷ ಕಳೆದರೂ ಹಲ್ಲು ಬಾರದು, ತಲೆಗೂದಲು ತೆಳು, ಬೇಸಗೆಯಲ್ಲಿ ಅಂಗೈಯೂ ಒಣಗಿರುತ್ತದೆ—ಈ ಮೂರನ್ನು ಒಟ್ಟಿಗೆ ಕಂಡವರು ಜ್ವರದ ಗುಟ್ಟನ್ನು ಅರಿತಂತೆಯೇ. ಹೀಗೆ ಎಷ್ಟೋ ವೇಳೆ ಜೀವ ಉಳಿಸುವ ಸುಳಿವು ಹಲ್ಲಿಲ್ಲದ ವಸಡಿನಲ್ಲಿರುತ್ತದೆ.

ಹಲ್ಲಿನ ಕೊರತೆಗೂ ಉಪಾಯವುಂಟು. ಮೂರು ನಾಲ್ಕು ವರ್ಷದ ಮಕ್ಕಳಿಗೂ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುತ್ತಾರೆ; ದವಡೆ ಬೆಳೆದಂತೆಲ್ಲ ಅಂಗಿಯಂತೆ ಅದನ್ನೂ ಬದಲಾಯಿಸಬೇಕು. ಶಾಲೆಗೆ ಸೇರುವ ಮೊದಲೇ ಅದು ಸಿಕ್ಕರೆ ಮಗು ‘ತ’ಕಾರ ‘ದ’ಕಾರಗಳನ್ನು ಸ್ಪಷ್ಟವಾಗಿ ನುಡಿಯುತ್ತದೆ, ಚಪಾತಿ ಜಗಿಯುತ್ತದೆ. ‘ಬೊಚ್ಚುಬಾಯಿ ಅಜ್ಜ’ ಎಂದು ಜೊತೆಯ ಮಕ್ಕಳು ಕೂಗುವುದು ತಪ್ಪುತ್ತದೆ. ಕಡಲೆ ಮುಂದಿಟ್ಟುಕೊಂಡು ಹಲ್ಲಿಲ್ಲವೆಂದು ಕೊರಗುವ ಗಾದೆಯ ಪಾಡು ಆ ಎಳೆಯರಿಗೆ ಬಾರದು. ಬೆವರಿಗೆ ಮಾತ್ರ ಇಂತಹ ಕಟ್ಟು ಇಲ್ಲ.

ಇಲ್ಲದ ಪ್ರೋಟೀನನ್ನು ಹೊರಗಿನಿಂದ ಕೊಟ್ಟರೆ ಹೇಗೆ? ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2003ರಲ್ಲಿ ಇಲಿಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ಗಬ್ಬದ ಇಲಿಗೆ ಚುಚ್ಚಿದ ಔಷಧದಿಂದ ಮರಿಗಳು ಸರಿಯಾದ ಹಲ್ಲು, ತುಪ್ಪುಳುಗಳೊಡನೆ ಹುಟ್ಟಿದುವು. ಮುಂದೆ ಮನುಷ್ಯಶಿಶುಗಳಿಗೆ ಹುಟ್ಟಿದ ಕೂಡಲೇ ಕೊಟ್ಟು ನೋಡಿದಾಗ ಫಲ ಸಿಗಲಿಲ್ಲ. ಗ್ರಂಥಿಗಳು ಮೊಳೆಯುವ ಗಡುವು ಗರ್ಭದಲ್ಲಿಯೇ ಮುಗಿದಿತ್ತು.

ಜರ್ಮನಿಯ ಎರ್ಲಾಂಗೆನ್ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೋಲ್ಮ್ ಷ್ನೈಡರ್ ಮತ್ತು ಅವರ ಸಂಗಡಿಗರು ಗರ್ಭಸ್ಥ ಶಿಶುವಿನ ದವಡೆಯಲ್ಲಿರುವ ಹಲ್ಲಿನ ಮೊಳಕೆಗಳನ್ನು ಶಬ್ದತರಂಗದ ಸ್ಕ್ಯಾನಿನಲ್ಲಿ ಎಣಿಸಿ ಈ ರೋಗವನ್ನು ಗುರುತಿಸುವ ವಿಧಾನವನ್ನು ರೂಪಿಸಿದ್ದರು. ಮೊಳಕೆಗಳು ತೀರ ಕಡಮೆಯಿದ್ದರೆ ಸಂಶಯ ದೃಢವಾಗುತ್ತದೆ. 2016ರಲ್ಲಿ ಅವರ ಮುಂದೆ ಒಬ್ಬ ಗರ್ಭಿಣಿ ಬಂದಳು. ಆಕೆಯ ಹಿರಿಯ ಮಗನಿಗೆ ಈ ರೋಗವಿತ್ತು. ಈಗ ಹೊಟ್ಟೆಯಲ್ಲಿ ಅವಳಿ ಗಂಡುಮಕ್ಕಳು. ಸ್ಕ್ಯಾನು ಇಬ್ಬರಿಗೂ ಅದೇ ಪಾಡೆಂದು ತಿಳಿಸಿತು. ಔಷಧ ಗರ್ಭಸ್ಥ ಮನುಷ್ಯಶಿಶುವಿನ ಮೇಲೆ ಅದುವರೆಗೆ ಎಂದೂ ಪ್ರಯೋಗವಾಗಿರಲಿಲ್ಲ. ಆ ತಾಯಿ ತಾನಾಗಿಯೇ ಅದನ್ನು ಕೇಳಿದಳು.

26ನೆಯ ವಾರದಲ್ಲಿ ಒಮ್ಮೆ, 31ನೆಯ ವಾರದಲ್ಲಿ ಇನ್ನೊಮ್ಮೆ, ಶಿಶುಗಳು ತೇಲುತ್ತಿರುವ ಗರ್ಭಜಲಕ್ಕೇ ವೈದ್ಯರು ಔಷಧವನ್ನು ಸೂಜಿಯಿಂದ ಸೇರಿಸಿದರು. ಶಿಶುಗಳು ಆ ನೀರನ್ನು ನುಂಗುತ್ತಿರುತ್ತವಾದ್ದರಿಂದ ಔಷಧ ಕರುಳಿನ ಮೂಲಕ ಅವುಗಳ ರಕ್ತವನ್ನು ಸೇರಿತು. ಅವಳಿಗಳು 33ನೆಯ ವಾರದಲ್ಲಿ ಹುಟ್ಟಿದರು. ಇನ್ನೊಬ್ಬ ತಾಯಿಯ ಗಂಡುಮಗುವಿಗೂ 26ನೆಯ ವಾರದಲ್ಲಿ ಒಂದು ಬಾರಿ ಇದೇ ಚಿಕಿತ್ಸೆ ನಡೆಯಿತು. 2018ರ ಏಪ್ರಿಲ್‌ನಲ್ಲಿ ಪ್ರಕಟವಾದ ವರದಿಯ ವೇಳೆಗೆ ಈ ಮೂವರು ಮಕ್ಕಳ ವಯಸ್ಸು 14ರಿಂದ 22 ತಿಂಗಳು. ಅವಳಿಗಳ ಅಂಗಾಲಿನಲ್ಲಿ ಬೆವರಿನ ರಂಧ್ರಗಳು ಇತರ ಮಕ್ಕಳಲ್ಲಿರುವಷ್ಟೇ ಇದ್ದುವು. ಸೆಕೆಯಾದಾಗ ಅವರು ಎಲ್ಲ ಮಕ್ಕಳಂತೆ ಬೆವರುತ್ತಿದ್ದರು. ಆ ಬಳಿಕ ಹಲವು ದೇಶಗಳ ಆಸ್ಪತ್ರೆಗಳು ಸೇರಿ, ಹೆಚ್ಚು ಮಂದಿ ಗರ್ಭಿಣಿಯರಲ್ಲಿ ಈ ಔಷಧದ ಪರೀಕ್ಷೆಯನ್ನು ಕೈಗೊಂಡಿವೆ. ಅವಳಿಗಳ ಅಣ್ಣನಿಗೆ ಆ ಗಡುವು ಮೀರಿತ್ತು.